ಮುಂದೆ ಬಾವುಟ, ಹಿಂದೆ ಎಂಜಿನು

ಊಟಿಯ ಪುಟ್ಟ ರೈಲಿನ ಒಂದು ಚಿತ್ರವಾದರೂ ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಇರಬಹುದು. ಶಾಲೆಯ ಪ್ರವಾಸದಲ್ಲಿ ತೆಗೆದದ್ದು, ಮದುವೆಯಾದ ಹೊಸತರಲ್ಲಿ ತೆಗೆದದ್ದು, ಇಲ್ಲವೇ ನೆಂಟರು ಕಳುಹಿಸಿಕೊಟ್ಟದ್ದು. ಈ ಲೇಖನ ಓದುವ ಮೊದಲು ಅದನ್ನೊಮ್ಮೆ ತೆಗೆದು ನೋಡಿ. ನೀಲಿ ಡಬ್ಬಿಗಳಿವೆ, ಕಿಟಕಿಯಾಚೆ ಚಾಚಿದ ಮಕ್ಕಳ ಕೈಗಳಿವೆ, ಬೆಟ್ಟದ ಹಸಿರಿದೆ, ಅದೃಷ್ಟವಿದ್ದರೆ ಹೊಗೆಯುಗುಳುವ ಎಂಜಿನೂ ಇದೆ. ಇನ್ನು ಗಾಡಿಯ ತೀರ ಮುಂದಿನ ಡಬ್ಬಿಯನ್ನು ಗಮನಿಸಿ. ಅದರ ಮೂತಿಯಲ್ಲಿ ಒಂದು ಚಿಕ್ಕ ಕಟ್ಟೆ, ಆ ಕಟ್ಟೆಯ ಮೇಲೆ ಬಾವುಟ ಹಿಡಿದ ಒಬ್ಬ ಮನುಷ್ಯ. ಆತ ನಿಮ್ಮ ಚಿತ್ರದಲ್ಲಿ ಇದ್ದಾರೆಯೇ? ಇದ್ದರೂ ಬಹುಮಟ್ಟಿಗೆ ಅರ್ಧ ಭುಜ ಚೌಕಟ್ಟಿನಾಚೆ ಹೋಗಿರುತ್ತದೆ.

ನಾನು ವೃತ್ತಿಯಿಂದ ದೂರದರ್ಶನ ಕಾರ್ಯಕ್ರಮಗಳ ನಿರ್ಮಾಪಕ. ಓದಿದ್ದು ಭೌತಶಾಸ್ತ್ರ. ಕಳೆದ ಫೆಬ್ರವರಿಯ ಒಂದು ಶನಿವಾರ ಮತ್ತು ಭಾನುವಾರ ನೀಲಗಿರಿಯ ರೈಲಿನ ಬೆನ್ನುಹತ್ತಿ ಚಿತ್ರ ತೆಗೆದು ಬಂದೆ. ನಮ್ಮ ಮಾತುಕತೆಯ ಕಾರ್ಯಕ್ರಮದಲ್ಲಿ ಬೆಟ್ಟದ ರೈಲುಗಳ ವಿಷಯ ಬಂದಾಗ ಪರದೆಯ ಮೇಲೆ ತೋರಿಸಲು ಚಿತ್ರಗಳು ಬೇಕಿದ್ದವು ಎಂಬುದು ಹೊರಗೆ ಹೇಳಿಕೊಂಡ ಕಾರಣ. ಒಳಗಿನ ಕಾರಣ ಒಂದು ಹಳೆಯ ತಪ್ಪು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

2002ರಲ್ಲಿ ನಾನು ಈ ಕೆಲಸಕ್ಕೆ ಹೊಸಬ. ಹಿರಿಯರೊಬ್ಬರ ಕೈಕೆಳಗೆ ಸಹಾಯಕನಾಗಿ ಇದೇ ರೈಲನ್ನು ಚಿತ್ರೀಕರಿಸಲು ಹೋಗಿದ್ದೆ. ಆಗ ನಾವು ಏರಿದ ಗಾಡಿಯ ಎಂಜಿನು ಕಲ್ಲಿದ್ದಲಿನದು. ಕೂನೂರಿನಲ್ಲಿ ಬಿಡುವು ಸಿಕ್ಕಾಗ ಗಾಡಿಯ ಬ್ರೇಕ್ಸ್‌ಮನ್ ಒಬ್ಬರನ್ನು ನಿಲ್ಲಿಸಿ ಏಳೆಂಟು ನಿಮಿಷ ಮಾತನಾಡಿಸಿದೆವು. ಕಾರ್ಯಕ್ರಮದಲ್ಲಿ ಬಳಕೆಯಾದದ್ದು ಎಂಜಿನಿನ ಇಪ್ಪತ್ತು ಸೆಕೆಂಡಿನ ದೃಶ್ಯ ಮಾತ್ರ. ಬೀಟಾಕ್ಯಾಮ್ ಕ್ಯಾಸೆಟ್ಟುಗಳು ದುಬಾರಿಯಾಗಿದ್ದ ಕಾಲ ಅದು; ಕೆಲಸ ಮುಗಿದದ್ದನ್ನು ಅಳಿಸಿ ಮತ್ತೆ ಬಳಸುವುದು ವಾಡಿಕೆ. ‘ಈ ಕ್ಯಾಸೆಟ್ಟು ಇಟ್ಟುಕೊಳ್ಳಬೇಕೇ?’ ಎಂದು ಕೇಳಿದಾಗ, ಬೇಡವೆಂದು ಸಹಿ ಹಾಕಿದವನು ನಾನೇ.

ಆ ಮನುಷ್ಯ ಹೇಳಿದ ಒಂದು ಮಾತೂ ಇಂದು ನನ್ನ ನೆನಪಿನಲ್ಲಿಲ್ಲ. ಹೆಸರನ್ನೂ ಬರೆದುಕೊಂಡಿರಲಿಲ್ಲ. ಸುತ್ತಿದ ಎರಡು ಬಾವುಟಗಳನ್ನು ಕಂಕುಳಲ್ಲಿ ಇರುಕಿಕೊಂಡು, ಎರಡೂ ಕೈಯಿಂದ ಬ್ರೇಕಿನ ಹಿಡಿಯನ್ನು ಬಿಗಿಮಾಡುತ್ತಿದ್ದ ಒಂದು ಭಂಗಿಯಷ್ಟೇ ಕಣ್ಣಿನಲ್ಲಿ ಉಳಿದಿದೆ.

ನಂಜನಗೂಡಿನ ತೇರು

ಜೊತೆಗೆ ಬಂದವರು ನಿವೃತ್ತ ಛಾಯಾಗ್ರಾಹಕರು. ನಾನು ಅವರನ್ನು ‘ಸಾರ್’ ಎನ್ನುತ್ತೇನೆ. ಅವರು ನನ್ನನ್ನು ಇಂದಿಗೂ ಹೊಸ ಹುಡುಗನಂತೆ ‘ಏನಪ್ಪಾ’ ಎಂದೇ ಕರೆಯುತ್ತಾರೆ. ಶುಕ್ರವಾರ ಊಟ ಮುಗಿಸಿ ಮೈಸೂರು ಬಿಟ್ಟೆವು. ತಡಮಾಡುವಂತಿರಲಿಲ್ಲ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರ ನಂತರ ಬೆಳಗಿನ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧ ಬಂದಿರುವುದು ನಿಮಗೆ ಗೊತ್ತೇ ಇದೆ.

ನಂಜನಗೂಡು ದಾಟುವಾಗ ಸಾರ್ ಅಲ್ಲಿಯ ದೊಡ್ಡ ಜಾತ್ರೆಯನ್ನು ನೆನೆಸಿಕೊಂಡರು. ಐದು ತೇರುಗಳ ಆ ಉತ್ಸವವನ್ನು ಅವರು ಎಷ್ಟೋ ಸಲ ಚಿತ್ರೀಕರಿಸಿದವರು. “ಮೊದಲ ವರ್ಷ ಕಳಸ, ಬಾವುಟ, ಜನಸಾಗರ ಇಷ್ಟೇ ತೆಗೆದೆ ಕಣಪ್ಪಾ. ಆಮೇಲೆ ಒಬ್ಬ ಮುದುಕ ಬಂದು, ಗಾಲಿಗೆ ಮರದ ತುಂಡು ಕೊಡೋನನ್ನ ತೆಗೆದಿದ್ದೀರಾ ಸ್ವಾಮಿ ಅಂತ ಕೇಳಿದ. ಎಳೆಯೋರು ಸಾವಿರ ಜನ. ನಿಲ್ಲಿಸೋನು, ತಿರುಗಿಸೋನು ಅವನೇ” ಎಂದರು.

ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ದಾಟಿ ಉದಕಮಂಡಲಕ್ಕೆ ಹತ್ತಿ, ಅಲ್ಲಿಂದ ಕೂನೂರಿನ ಮೂಲಕ ಮೆಟ್ಟುಪಾಳಯಕ್ಕೆ ಇಳಿದಾಗ ರಾತ್ರಿ ಬಹಳವಾಗಿತ್ತು. ಬೆಟ್ಟದ ಒಂದು ಮಗ್ಗುಲಲ್ಲಿ ಹತ್ತಿ, ಇನ್ನೊಂದು ಮಗ್ಗುಲಲ್ಲಿ ಇಳಿದು, ಮರುದಿನ ಮತ್ತೆ ಹತ್ತುವುದು. ರೈಲಿನ ಹುಚ್ಚು ಹಿಡಿದವರಿಗಲ್ಲದೆ ಬೇರೆಯವರಿಗೆ ಇದರಲ್ಲಿ ಅರ್ಥ ಕಾಣದು.

ಹಳಿಯ ನಡುವಿನ ಹಲ್ಲು

ಈ ರೈಲು ಏಕೆ ವಿಶೇಷ ಎಂಬುದನ್ನು ಸ್ವಲ್ಪ ಲೆಕ್ಕದಲ್ಲಿ ನೋಡೋಣ. ಹೆದರಬೇಡಿ, ಭಾಗಾಕಾರ ಒಂದೇ ಸಾಕು.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಬಹಳ ಸುಲಭವಾಗಿ ಉರುಳುತ್ತದೆ. ಸಮತಟ್ಟಾದ ನೆಲದಲ್ಲಿ ರೈಲಿಗೆ ಅದೇ ದೊಡ್ಡ ಲಾಭ. ಬೆಟ್ಟ ಬಂದಾಗ ಅದೇ ಕಂಟಕ. ನಮ್ಮ ಸಕಲೇಶಪುರ ಘಟ್ಟದ ದಾರಿಯಲ್ಲಿ ಏರು ಹೆಚ್ಚೆಂದರೆ 50ಕ್ಕೆ 1. ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಅಲ್ಲಿ 1 ಟನ್ ತೂಕವನ್ನು ಕೆಳಕ್ಕೆ ಜಾರದಂತೆ ಹಿಡಿಯಲು ಸುಮಾರು 20 ಕಿಲೋ ಭಾರದಷ್ಟು ಬಲ ಬೇಕು. ನೀಲಗಿರಿಯ ದಾರಿಯಲ್ಲಿ ಕಡಿದಾದ ಏರು ಸುಮಾರು 12ಕ್ಕೆ 1. ಅಲ್ಲಿ ಅದೇ 1 ಟನ್ನಿಗೆ 80 ಕಿಲೋಗಿಂತ ಹೆಚ್ಚು ಬಲ ಬೇಕು. ಇಬ್ಬನಿಯೋ ಮಳೆಯೋ ಬಿದ್ದು ಹಳಿ ಒದ್ದೆಯಾಗಿದ್ದರೆ ಗಾಲಿ ಇದ್ದಲ್ಲೇ ತಿರುಗುತ್ತದೆ, ಗಾಡಿ ಮಾತ್ರ ಮೇಲೆ ಹೋಗುವುದಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ಹಲ್ಲುಪಟ್ಟಿ. ಎರಡು ಹಳಿಗಳ ನಡುವೆ ಹಲ್ಲುಗಳಿರುವ ಉಕ್ಕಿನ ಪಟ್ಟಿ ಹಾಸುವುದು. ಎಂಜಿನಿನ ಹೊಟ್ಟೆಯ ಕೆಳಗಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏಣಿ ಹತ್ತಿದ ಹಾಗೆ ಹತ್ತುವುದು. ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ 1869ರಲ್ಲಿ, ಸ್ವಿಟ್ಜರ್ಲೆಂಡಿನ ರಿಗಿ ಬೆಟ್ಟದ ಮೇಲೆ 1871ರಲ್ಲಿ ಇಂಥ ರೈಲುಗಳು ಓಡಿದವು. ರಿಗಿಯ ರೈಲನ್ನು ಕಟ್ಟಿದವನು ನಿಕ್ಲಾಸ್ ರಿಗನ್‌ಬಾಕ್. ಅವನ ಕೈಕೆಳಗೆ ಕೆಲಸ ಕಲಿತ ರೋಮನ್ ಅಬ್ಟ್ ಎಂಬ ಎಂಜಿನಿಯರ್ 1882ರಲ್ಲಿ ಇನ್ನೊಂದು ಸುಧಾರಣೆ ಮಾಡಿದ. ಒಂದರ ಬದಲು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು, ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದು ಬರುವಂತೆ ಜೋಡಿಸಿದ. ಒಂದು ಹಲ್ಲು ಬಿಡುವ ಹೊತ್ತಿಗೆ ಪಕ್ಕದ್ದು ಹಿಡಿದುಕೊಂಡಿರುತ್ತದೆ. ಹಿಡಿತ ಯಾವ ಗಳಿಗೆಯಲ್ಲೂ ಪೂರ್ತಿ ತಪ್ಪುವುದಿಲ್ಲ. ನೀಲಗಿರಿಯಲ್ಲಿ ಕಲ್ಲಾರಿನಿಂದ ಕೂನೂರಿನವರೆಗೆ ಇರುವುದು ಈ ಅಬ್ಟ್ ಪದ್ಧತಿಯ ಜೋಡಿ ಪಟ್ಟಿ.

ಇನ್ನೊಂದು ಎಚ್ಚರಿಕೆ ಇದೆ. ಈ ಭಾಗದಲ್ಲಿ ಎಂಜಿನು ಯಾವಾಗಲೂ ಗಾಡಿಯ ಇಳಿಜಾರಿನ ಕಡೆಗೇ ಇರುತ್ತದೆ. ಹತ್ತುವಾಗ ಹಿಂದಿನಿಂದ ನೂಕುತ್ತದೆ, ಇಳಿಯುವಾಗ ಮುಂದೆ ನಿಂತು ತಡೆಯುತ್ತದೆ. ಕೊಂಡಿ ಕಳಚಿ ಡಬ್ಬಿಗಳು ಕೆಳಗೆ ಓಡಿಹೋಗುವ ಭಯ ಇದರಿಂದ ಇಲ್ಲವಾಗುತ್ತದೆ. ಒಂದು ತೊಡಕು ಮಾತ್ರ ಉಳಿಯುತ್ತದೆ. ಹತ್ತುವಾಗ ಚಾಲಕ ಗಾಡಿಯ ತೀರ ಹಿಂದಿದ್ದಾನೆ. ಮುಂದಿನ ತಿರುವಿನಲ್ಲಿ ಏನಿದೆ ಎಂಬುದು ಅವನಿಗೆ ಕಾಣದು. ಹಾಗಾಗಿ ಪ್ರತಿ ಡಬ್ಬಿಯ ಮುಂದಿನ ಕಟ್ಟೆಯಲ್ಲೂ ಒಬ್ಬೊಬ್ಬ ಬ್ರೇಕ್ಸ್‌ಮನ್. ತೀರ ಮುಂದಿನವರು ದಾರಿ ನೋಡಿ ಬಾವುಟ ಹಿಡಿಯುತ್ತಾರೆ. ಅದನ್ನು ಕಂಡು ಎರಡನೆಯವರು, ಅವರನ್ನು ಕಂಡು ಮೂರನೆಯವರು. ಹೀಗೆ ಸುದ್ದಿ ಹಿಂದಕ್ಕೆ ಸಾಗಿ ಚಾಲಕನಿಗೆ ತಲುಪುತ್ತದೆ. ಬಲ ಹಿಂದಿದೆ, ಕಣ್ಣು ಮುಂದಿದೆ.

54 ವರ್ಷಗಳ ಏರು

ಭಾರತದಲ್ಲಿ ಮೊದಲ ಪ್ರಯಾಣಿಕರ ರೈಲು ಬೊಂಬಾಯಿಯಿಂದ ಠಾಣೆಗೆ ಓಡಿದ್ದು 1853ರಲ್ಲಿ. ಅದರ ಮರುವರ್ಷವೇ, 1854ರಲ್ಲಿ, ನೀಲಗಿರಿಗೆ ರೈಲು ಬೇಕೆಂಬ ಪ್ರಸ್ತಾಪ ಹುಟ್ಟಿತು. ಇದರಲ್ಲಿ ಆಶ್ಚರ್ಯವಿಲ್ಲ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಬೆಟ್ಟ ಹತ್ತಿದ್ದ. ನಂತರದ ವರ್ಷಗಳಲ್ಲಿ ಉದಕಮಂಡಲದಲ್ಲಿ ಕಲ್ಲಿನ ಮನೆ ಕಟ್ಟಿಸಿದ್ದ. ಮದರಾಸಿನ ಬಿಸಿಲು ತಾಳದ ಬ್ರಿಟಿಷ್ ಅಧಿಕಾರಿಗಳಿಗೆ ಬೆಟ್ಟದ ತಂಪು ರುಚಿಸಿತ್ತು. ಹತ್ತುವ ಕಷ್ಟ ಮಾತ್ರ ಬೇಡವಾಗಿತ್ತು.

ಬಯಲಿನ ರೈಲು 1873ರಲ್ಲಿ ಮೆಟ್ಟುಪಾಳಯದವರೆಗೆ ಬಂದು ಬೆಟ್ಟದ ಬುಡದಲ್ಲಿ ನಿಂತುಬಿಟ್ಟಿತು. ಮುಂದಿನದು ಎತ್ತಿನ ಗಾಡಿ, ಕುದುರೆಯ ಟಾಂಗಾಗಳ ಪಾಲು. ರಿಗಿಯ ರಿಗನ್‌ಬಾಕ್ ಕೂಡ ನೀಲಗಿರಿಗೆ ರೈಲು ಕಟ್ಟಲು ಮುಂದೆ ಬಂದಿದ್ದನಾದರೂ ಆ ಮಾತು ಕೈಗೂಡಲಿಲ್ಲ. 1885ರಲ್ಲಿ ಒಂದು ಕಂಪನಿ ಹುಟ್ಟಿತು. 1891ರ ಆಗಸ್ಟಿನಲ್ಲಿ ಮದರಾಸಿನ ಗವರ್ನರ್ ಲಾರ್ಡ್ ವೆನ್‌ಲಾಕ್ ಮೊದಲ ಗುದ್ದಲಿ ಹಾಕಿದ. ಮೂರೇ ವರ್ಷದಲ್ಲಿ ಕಂಪನಿ ಹಣವಿಲ್ಲದೆ ಮುಳುಗಿತು. ಮತ್ತೆ ಹೊಸ ಕಂಪನಿ ಬಂದು ಕೆಲಸ ಮುಂದುವರಿಸಿ, 1899ರ ಜೂನ್ ತಿಂಗಳಲ್ಲಿ ಕೂನೂರಿನವರೆಗೆ ರೈಲು ಹತ್ತಿತು. ಉದಕಮಂಡಲ ತಲುಪಿದ್ದು 1908ರಲ್ಲಿ. ಪ್ರಸ್ತಾಪಕ್ಕೂ ಪೂರ್ತಿಯಾದದ್ದಕ್ಕೂ ನಡುವೆ 54 ವರ್ಷ.

ಹೀಗೆ ಕಟ್ಟಿದ ದಾರಿ ಸುಮಾರು 46 ಕಿಲೋಮೀಟರ್ ಉದ್ದ, 1 ಮೀಟರ್ ಅಗಲ. ಮೆಟ್ಟುಪಾಳಯದಲ್ಲಿ ಸಮುದ್ರಮಟ್ಟದಿಂದ 326 ಮೀಟರ್ ಎತ್ತರದಲ್ಲಿ ಹೊರಟು 2,203 ಮೀಟರಿಗೆ ಏರುತ್ತದೆ. 16 ಸುರಂಗ, 250 ಸೇತುವೆ, 208 ತಿರುವು. ನಾನು ಓದಿದ ಪುಸ್ತಕಗಳಲ್ಲಿ ಗವರ್ನರನ ಹೆಸರಿದೆ, ಎಂಜಿನಿಯರುಗಳ ಹೆಸರಿದೆ, ಎಂಜಿನುಗಳ ಸಂಖ್ಯೆಗಳಂತೂ ಒಂದೂ ತಪ್ಪದೆ ಇವೆ. ಆ 16 ಸುರಂಗಗಳ ಕಲ್ಲು ಒಡೆದ ಒಬ್ಬ ಕೂಲಿಯ ಹೆಸರೂ ಅವುಗಳಲ್ಲಿ ನನಗೆ ಸಿಗಲಿಲ್ಲ.

ಶನಿವಾರದ ಬೆನ್ನಟ್ಟುವಿಕೆ

ರೈಲು ಮೆಟ್ಟುಪಾಳಯದಿಂದ ಹೊರಡುವುದು ಬೆಳಿಗ್ಗೆ 7 ಗಂಟೆ ದಾಟಿದ ಮೇಲೆ. ನಾವು ಅದಕ್ಕೂ ಮೊದಲೇ ಕಲ್ಲಾರಿನ ಬಳಿ ಅಡಿಕೆಯ ತೋಟದ ಅಂಚಿನಲ್ಲಿ ನಿಂತಿದ್ದೆವು. ಬಯಲಿನಲ್ಲಿ ಆರಾಮವಾಗಿ ಓಡಿ ಬಂದ ಗಾಡಿ ಇಲ್ಲಿ ನಡಿಗೆಗೆ ಇಳಿಯುತ್ತದೆ. ಹಲ್ಲುಚಕ್ರ ಪಟ್ಟಿಯನ್ನು ಹಿಡಿಯಬೇಕು. ಹಿಡಿದದ್ದು ನಿಮಗೆ ಕಿವಿಯಿಂದಲೇ ತಿಳಿಯುತ್ತದೆ. ಅದುವರೆಗೆ ಇದ್ದ ಒಂದು ಉಸಿರಿನ ಸದ್ದು ಈಗ ಎರಡಾಗುತ್ತದೆ. ಎಂಜಿನಿನ ಹೊರಮೈಯಲ್ಲಿ ಒಂದರ ಮೇಲೊಂದು ಸಿಲಿಂಡರುಗಳಿವೆ. ಹಬೆ ಮೊದಲು ಒಂದು ಜೋಡಿಯಲ್ಲಿ ಕೆಲಸ ಮಾಡಿ ಗಾಲಿಗಳನ್ನು ತಿರುಗಿಸುತ್ತದೆ. ಹಲ್ಲುಪಟ್ಟಿಯ ಮೇಲೆ ಬಂದಾಗ ಅದೇ ಹಬೆ ವ್ಯರ್ಥವಾಗದೆ ಇನ್ನೊಂದು ಜೋಡಿಗೆ ಹೋಗಿ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಒಂದೇ ಕಬ್ಬಿನಿಂದ ಎರಡು ಸಲ ರಸ ತೆಗೆದ ಹಾಗೆ.

ಬೆಳಗಿನ ತಂಪಿನಲ್ಲಿ ಚಿಮಣಿಯ ಬಾಯನ್ನು ಗಮನಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಚಿಮಣಿಗೂ ಬಿಳಿಯ ಮೋಡಕ್ಕೂ ನಡುವೆ ಗೇಣುದ್ದದ ಒಂದು ಖಾಲಿ ಜಾಗ ಇರುತ್ತದೆ. ನಿಜವಾದ ಹಬೆ ಇರುವುದು ಅಲ್ಲೇ, ಅದು ಕಣ್ಣಿಗೆ ಕಾಣುವಂಥದಲ್ಲ. ನಾವು ಹಬೆ ಎಂದು ಬೆರಳು ಮಾಡುವುದು ಅದು ತಣ್ಣಗಾಗಿ ಹನಿಗಟ್ಟಿದ ಮೇಲೆ. ಕೆಲಸ ಮಾಡುವುದು ಕಾಣುವುದಿಲ್ಲ, ಕೆಲಸ ಮುಗಿಸಿದ್ದು ಚಿತ್ರಕ್ಕೆ ಸಿಗುತ್ತದೆ.

ನಾನು ಹನ್ನೆರಡು ಚಿತ್ರ ತೆಗೆದೆ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ನೋಡಿದರೆ ಹನ್ನೆರಡರಲ್ಲಿ ಹತ್ತು ಎಂಜಿನಿನವು. ಉಳಿದ ಎರಡರಲ್ಲಿ ಡಬ್ಬಿಗಳು. ತೀರ ಮುಂದಿನ ಕಟ್ಟೆಯ ಮೇಲಿದ್ದವರು ಒಂದರಲ್ಲೂ ಇಲ್ಲ. ಯಾರಿಗಾಗಿ ಬಂದಿದ್ದೆನೋ ಅವರನ್ನೇ ಮತ್ತೆ ಬಿಟ್ಟಿದ್ದೆ. ಇಪ್ಪತ್ತಕ್ಕೂ ಹೆಚ್ಚು ವರ್ಷದ ಅನುಭವ, ಪಶ್ಚಾತ್ತಾಪ ಎಲ್ಲ ಇದ್ದರೂ ಹೊಗೆ ಕಂಡೊಡನೆ ಕಣ್ಣು ಅತ್ತಲೇ ಓಡಿತು. ಸಾರ್ ನಕ್ಕು, “ತುಂಡು ಕೊಡೋನು ಎಲ್ಲಪ್ಪಾ?” ಎಂದರು.

ಮುಂದಿನದು ಬೆನ್ನಟ್ಟುವಿಕೆ ಎಂದರೆ ನಗು ಬರುತ್ತದೆ. ಹಲ್ಲುಪಟ್ಟಿಯ ಮೇಲೆ ಗಾಡಿಯ ವೇಗ ಗಂಟೆಗೆ 13 ಕಿಲೋಮೀಟರ್ ಆಸುಪಾಸು. ನೀರು ತುಂಬಿಸಿಕೊಳ್ಳಲು ಹಿಲ್‌ಗ್ರೋವ್, ರನ್ನಿಮೀಡ್‌ಗಳಲ್ಲಿ ನಿಲ್ಲುವ ಹೊತ್ತು ಬೇರೆ. ಕಾರು ಘಟ್ಟದ ಹೇರ್‌ಪಿನ್ ತಿರುವುಗಳನ್ನು ದಾಟಿ ಅದಕ್ಕಿಂತ ಬಹಳ ಮೊದಲೇ ಕೂನೂರಿನಲ್ಲಿರುತ್ತದೆ. ಇಲ್ಲಿ ರೈಲನ್ನು ಬೆನ್ನಟ್ಟುವುದೆಂದರೆ ಮುಂದೆ ಹೋಗಿ ಕಾಯುವುದು. ಹಳಿ ಹೆಚ್ಚಿನ ಕಡೆ ಕಾಡಿನೊಳಗೆ ಹೋಗುವುದರಿಂದ ರಸ್ತೆಗೆ ಕಾಣುವುದಿಲ್ಲ. ಹಳಿಯ ಮೇಲೆ ನಡೆದು ಹೋಗುವ ಸಾಹಸವನ್ನು ನಾವು ಮಾಡಲಿಲ್ಲ, ನೀವೂ ಮಾಡಬೇಡಿ. ಅದು ಆನೆಗಳ ದಾರಿಯೂ ಹೌದು. ಬರ್ಲಿಯಾರಿನ ಹಣ್ಣಿನ ಅಂಗಡಿಗಳ ಬಳಿ ಕಾರು ನಿಲ್ಲಿಸಿ ಕಿವಿಗೊಟ್ಟು ನಿಂತೆವು. ಎಲ್ಲೋ ಕಣಿವೆಯಲ್ಲಿ ಒಂದು ಶಿಳ್ಳೆ, ಮರಗಳ ತಲೆಯ ಮೇಲೆ ಒಂದು ಬಿಳಿಯ ಗೆರೆ, ಅಷ್ಟೇ.

ಹತ್ತೂವರೆಯ ಸುಮಾರಿಗೆ ಕೂನೂರು ನಿಲ್ದಾಣ. ಇಲ್ಲಿಗೆ ಹಲ್ಲುಪಟ್ಟಿ ಮುಗಿಯುತ್ತದೆ. ಸುಮಾರು 20 ಕಿಲೋಮೀಟರಿನಲ್ಲಿ 1,300 ಮೀಟರ್ ಹತ್ತಿ ಬಂದ ಉಗಿ ಎಂಜಿನು ಬೇರೆಯಾಗಿ, ಮುಂದಿನ ದಾರಿಗೆ ಡೀಸೆಲ್ ಎಂಜಿನು ಜೋಡಿಯಾಗುತ್ತದೆ. ಪ್ರವಾಸಿಗಳೆಲ್ಲ ಉಗಿ ಎಂಜಿನಿನ ಸುತ್ತ ಮುತ್ತಿಕೊಂಡರು.

ಆ ಎಂಜಿನಿನದೂ ಒಂದು ಕಥೆ. ಎಕ್ಸ್ ವರ್ಗದ ಈ ಎಂಜಿನುಗಳನ್ನು ಸ್ವಿಟ್ಜರ್ಲೆಂಡಿನ ವಿಂಟರ್‌ತೂರಿನ ಕಾರ್ಖಾನೆ 1914ರಿಂದ 1925ರವರೆಗೆ, ಮತ್ತೆ 1952ರಲ್ಲಿ ತಯಾರಿಸಿ ಕಳುಹಿಸಿತ್ತು. ಅವು ಸವೆದಂತೆ, ಕಲ್ಲಿದ್ದಲಿನ ಬದಲು ಎಣ್ಣೆಯಿಂದ ಬೆಂಕಿ ಉರಿಸುವ ಮಾರ್ಪಾಟು ಬಂತು. 2010ರ ದಶಕದಲ್ಲಿ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯವರು ಅದೇ ಮಾದರಿಯ ಎಣ್ಣೆಯ ಎಂಜಿನುಗಳನ್ನು ಹೊಸದಾಗಿಯೇ ಕಟ್ಟಿದರು. 2021ರಲ್ಲಿ ಕಲ್ಲಿದ್ದಲಿನ ಹೊಸ ಎಂಜಿನನ್ನೂ ಕಟ್ಟಿದರು. ಉಗಿಯ ಯುಗ ಮುಗಿದು ದಶಕಗಳಾದ ಮೇಲೆ ಉಗಿ ಎಂಜಿನು ಕಟ್ಟುವುದು ಸಣ್ಣ ಕೆಲಸವಲ್ಲ. “ಹಾಗಾದರೆ ಇದು ಹಳೆಯದಲ್ಲವೇ?” ಎಂದು ಪಕ್ಕದಲ್ಲಿದ್ದ ಪ್ರವಾಸಿಯೊಬ್ಬರು ಪೆಚ್ಚಾದರು. ಸಾರ್ ಅವರಿಗೆ ತೇರಿನ ಉದಾಹರಣೆ ಕೊಟ್ಟರು. ಗಾಲಿ ಬದಲಾಗುತ್ತದೆ, ಅಚ್ಚು ಬದಲಾಗುತ್ತದೆ, ಮರ ಬದಲಾಗುತ್ತದೆ. ಎಳೆಯುವ ಬಗೆ, ನಿಲ್ಲಿಸುವ ಬಗೆ ಕೈಯಿಂದ ಕೈಗೆ ಬಂದಿರುವವರೆಗೆ ಅದು ಅದೇ ತೇರು.

ಯುನೆಸ್ಕೋ 2005ರಲ್ಲಿ ಈ ರೈಲನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಡಾರ್ಜಿಲಿಂಗಿನ ರೈಲು 1999ರಲ್ಲೇ ಸೇರಿತ್ತು. ಕಾಲ್ಕಾ-ಶಿಮ್ಲಾ ದಾರಿ 2008ರಲ್ಲಿ ಸೇರಿತು. ಸಿನಿಮಾದವರು ಅದಕ್ಕೂ ಮೊದಲೇ ಇದನ್ನು ಕಂಡುಕೊಂಡಿದ್ದರು. ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರಕ್ಕೆ ಈ ರೈಲನ್ನು ಬಳಸಿಕೊಂಡ. 1998ರ ‘ದಿಲ್ ಸೆ’ ಚಿತ್ರದ, ಗಾಡಿಯ ನೆತ್ತಿಯ ಮೇಲಿನ ಕುಣಿತವನ್ನು ನೀವೆಲ್ಲ ನೋಡಿಯೇ ಇದ್ದೀರಿ. ಆ ಕುಣಿತದವರ ಕಾಲ ಕೆಳಗೂ ಬ್ರೇಕಿನ ಹಿಡಿಗಳಿದ್ದವು. ಅವುಗಳ ನೆನಪು ಯಾರಿಗೂ ಉಳಿದಂತಿಲ್ಲ.

ಕೇತ್ತಿಯ ಭಾನುವಾರ

ಕೂನೂರಿನಿಂದ ಮೇಲಕ್ಕೆ ದಾರಿ ಸೌಮ್ಯವಾಗುತ್ತದೆ. ದಂಡಿನ ಊರು ವೆಲಿಂಗ್ಟನ್, ಸಿಡಿಮದ್ದಿನ ಕಾರ್ಖಾನೆಯ ಅರವಂಕಾಡು, ಆಮೇಲೆ ವಿಶಾಲವಾದ ಕಣಿವೆಯ ತಲೆಯಲ್ಲಿ ಕೇತ್ತಿ, ಹಳೆಯ ಲಾರೆನ್ಸ್ ಶಾಲೆಯ ಲವ್‌ಡೇಲ್, ಕೊನೆಗೆ ಉದಕಮಂಡಲ. ಭಾನುವಾರ ನಾವು ಕೇತ್ತಿಯಲ್ಲಿ ಕುಳಿತೆವು. ಕೂನೂರಿನ ಪರಿಚಯದವರೊಬ್ಬರು, ನಿವೃತ್ತ ಬ್ರೇಕ್ಸ್‌ಮನ್ ಒಬ್ಬರು ಹತ್ತಿರದ ಹಟ್ಟಿಯಲ್ಲಿದ್ದಾರೆಂದು ತಿಳಿಸಿ ಹೇಳಿಕಳುಹಿಸಿದ್ದರು.

ಹಟ್ಟಿ ಎಂದ ತಕ್ಷಣ ನಿಮ್ಮ ಕಿವಿ ಚುರುಕಾಗಿರಬೇಕು. ನೀಲಗಿರಿಯ ಬಡಗರು ತಮ್ಮ ಊರುಗಳನ್ನು ಕರೆಯುವುದು ಹಾಗೆಯೇ. ಬಡಗ ಎಂದರೆ ಉತ್ತರದವನು. ವಿಜಯನಗರ ಬಿದ್ದ ನಂತರದ ಕಾಲದಲ್ಲಿ ಮೈಸೂರು ಸೀಮೆಯ ಕಡೆಯಿಂದ ಬೆಟ್ಟ ಹತ್ತಿದವರು ತಾವೆಂಬುದು ಅವರಲ್ಲಿ ನಡೆದುಬಂದ ಮಾತು. ಅವರ ನುಡಿ ಕನ್ನಡದ ಹತ್ತಿರದ ನೆಂಟ. ಮನೆ, ಹಾಲು, ಹಟ್ಟಿ ಎಂಬ ಪದಗಳು ಕಿವಿಗೆ ಬಿದ್ದಾಗ, ಬೇರೆ ರಾಜ್ಯದ ರೈಲು ನಿಲ್ದಾಣದಲ್ಲಿ ಕುಳಿತ ನಮಗೆ ಊರಿನ ಅಜ್ಜನೊಬ್ಬರು ಸಿಕ್ಕಂತಾಯಿತು. ಬಡಗ, ತಮಿಳು, ನಡುವೆ ನಮಗಾಗಿ ಒಂದಿಷ್ಟು ಕನ್ನಡ. ಹೀಗೆ ಮೂರು ಬೆರೆಸಿ ಅವರು ಮಾತನಾಡಿದರು.

“ಯಜಮಾನ್ರೇ, ಮುಂದೆ ನಿಂತಾಗ ಏನೇನು ನೋಡ್ತಿದ್ರಿ?” ಎಂದು ಕೇಳಿದೆ.

ಬೆರಳು ಮಡಚಿ ಲೆಕ್ಕ ಕೊಟ್ಟರು. ಉರುಳಿದ ಕಲ್ಲು. ಮುರಿದ ಕೊಂಬೆ. ಆನೆಯ ಲದ್ದಿ, ಹಸಿಯಾಗಿದ್ದರೆ ಆನೆ ದೂರ ಹೋಗಿಲ್ಲ. ಹಲ್ಲುಪಟ್ಟಿಯ ಸಂದಿಗೆ ಸಿಕ್ಕಿಕೊಂಡ ಜಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ಗುಡ್ಡದ ಮೈಯಿಂದ ಹೊಸದಾಗಿ ಜಿನುಗುವ ನೀರು. ಅದು ನಿನ್ನೆ ಇರಲಿಲ್ಲವಾದರೆ ಇಂದು ಏಕೆ ಇದೆ?

ಒಂದು ಮಳೆಗಾಲದ ಸಂಗತಿ ಹೇಳಿದರು. ಬೆಳಗಿನ ಗಾಡಿ, ತುಂಬಿದ ಜನ. ಒಂದು ತಿರುವಿನಲ್ಲಿ ಹಳಿಯ ಮೇಲೆ ಒಂದು ಹಿಡಿಯಷ್ಟು ಕೆಂಪು ಕೆಸರು, ನಾಲ್ಕೈದು ಸಣ್ಣ ಕಲ್ಲು. ಮೇಲೆ ನೋಡಿದರೆ ಗುಡ್ಡ ಗಟ್ಟಿಯಾಗಿಯೇ ಇದೆ. ಆದರೂ ಕೆಂಪು ಬಾವುಟ ಎತ್ತಿದರು. ಗಾಡಿ ನಿಂತಿತು. ಮೇಲಿನವರಿಗೆ ತಿಳಿಸಿ, ಗುಡ್ಡ ಪರೀಕ್ಷಿಸಿ, ಮತ್ತೆ ಹೊರಡಲು ಬಹಳ ಹೊತ್ತು ಹಿಡಿಯಿತು. ಪ್ರಯಾಣಿಕರು ಬೈದರು.

“ಆಮೇಲೆ? ಗುಡ್ಡ ಕುಸಿಯಿತೇ?” ಎಂದೆ. ಕಥೆಗಾರನ ಆಸೆ ನನ್ನದು.

“ಇಲ್ಲ, ಏನೂ ಬೀಳಲಿಲ್ಲ” ಎಂದರು. “ಬಿದ್ದಿದ್ದರೆ ಪೇಪರಿನಲ್ಲಿ ಬರುತ್ತಿತ್ತು. ಬೀಳಲಿಲ್ಲ, ಬೈಸಿಕೊಂಡೆ. ಮಾರನೆಯ ದಿನ ಮತ್ತೆ ಅದೇ ಜಾಗದಲ್ಲಿ ನೋಡಿಕೊಂಡು ಹೋದೆ.”

ಈ ಮಾತು ಕೇಳಿ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. 2009ರ ನವೆಂಬರಿನ ಭೂಕುಸಿತ ನೀಲಗಿರಿಯ ಇತಿಹಾಸದಲ್ಲಿ ದಾಖಲಾಗಿದೆ, ಆಗಲೇಬೇಕು. ಜೀವಗಳು ಹೋದವು, ರೈಲು ದಾರಿಗೂ ಪೆಟ್ಟಾಯಿತು. ಆಗದೇ ಹೋದ ಅಪಘಾತಗಳಿಗೆ ಮಾತ್ರ ತಾರೀಖಿಲ್ಲ. ನೂರು ವರ್ಷಕ್ಕೂ ಮೀರಿದ ಈ ದಾರಿಯ ಚರಿತ್ರೆಯ ಬಹುಪಾಲು ಅಂಥ ತಾರೀಖಿಲ್ಲದ ದಿನಗಳಿಂದಲೇ ಆದದ್ದು. ಅವುಗಳನ್ನು ಬಲ್ಲವರು ಮುಂದಿನ ಕಟ್ಟೆಯ ಮೇಲೆ ನಿಂತಿದ್ದವರು ಮಾತ್ರ. ಅವರು ಹೇಳದಿದ್ದರೆ, ಹೇಳಿದ್ದನ್ನು ನನ್ನಂಥವರು ಅಳಿಸಿಹಾಕಿದರೆ, ಅದು ಎಲ್ಲಿಯೂ ಇಲ್ಲ.

ನನ್ನ ಹಳೆಯ ತಪ್ಪನ್ನು ಅವರಲ್ಲಿ ಹೇಳಿಕೊಂಡೆ. 2002ರಲ್ಲಿ ಕೂನೂರಿನಲ್ಲಿ ಮಾತನಾಡಿದ್ದವರು, ತೆಳ್ಳನೆಯ ಮೈಕಟ್ಟು, ಬಾವುಟಗಳನ್ನು ಕಂಕುಳಲ್ಲಿ ಇರುಕಿಕೊಂಡು ಬ್ರೇಕು ಹಾಕುತ್ತಿದ್ದರು, ಯಾರಿರಬಹುದು? ಯಜಮಾನರು ಬೊಚ್ಚುಬಾಯಿ ತೆರೆದು ನಕ್ಕರು. “ಎಲ್ಲರೂ ಕಂಕುಳಲ್ಲೇ ಇಟ್ಟುಕೊಳ್ಳುತ್ತಿದ್ದೆವು. ಎರಡೇ ಕೈಯಲ್ಲವೇ?”

ಆ ಹುಡುಕಾಟ ಅಲ್ಲಿಗೆ ಮುಗಿಯಿತು. ಆ ಮನುಷ್ಯರು ಯಾರೆಂದು ನನಗೆ ಇನ್ನು ತಿಳಿಯುವುದಿಲ್ಲ.

ಯಜಮಾನರ ಒಪ್ಪಿಗೆ ಪಡೆದು ಅವರ ಮಾತನ್ನು ಒಂದು ಗಂಟೆ ಧ್ವನಿಮುದ್ರಿಸಿಕೊಂಡೆ. ಹೆಸರು, ಹಟ್ಟಿ, ಕೆಲಸಕ್ಕೆ ಸೇರಿದ ವರ್ಷ, ಬಿಟ್ಟ ವರ್ಷ ಎಲ್ಲವನ್ನೂ ಅವರೆದುರೇ ಬರೆದು ಓದಿ ಹೇಳಿದೆ. ಪತ್ರಿಕೆಯಲ್ಲಿ ಹೆಸರು ಬೇಡ ಎಂದರು, ಹಾಗಾಗಿ ಇಲ್ಲಿ ಹಾಕಿಲ್ಲ. ಮುದ್ರಿಕೆಯ ಮೇಲೆ ಹಾಕಿದ್ದೇನೆ. ಈ ಸಲ ಮೂರು ಪ್ರತಿ ಮಾಡಿ ಮೂರು ಕಡೆ ಇಟ್ಟಿದ್ದೇನೆ.

ಕೇತ್ತಿಗೆ ಗಾಡಿ ಬಂತು. ಯಜಮಾನರು ಎದ್ದು ನಿಂತು, ಎಂಜಿನಿನತ್ತ ತಿರುಗದೆ, ಡಬ್ಬಿಯಿಂದ ಡಬ್ಬಿಗೆ ಕಟ್ಟೆಯ ಮೇಲಿನವರನ್ನೇ ನೋಡುತ್ತ ಹೋದರು. ಒಬ್ಬ ಯುವಕ ಗುರುತು ಹಿಡಿದು ಕೈಯೆತ್ತಿದ. ನಾನು ಆ ಚಿತ್ರ ತೆಗೆದೆ. ಅದರಲ್ಲಿ ಹೊಗೆ ಇಲ್ಲ, ಎಂಜಿನು ಇಲ್ಲ. ಕೆಳಗಿನಿಂದ ಒಂದು ಮುಖ, ಮೇಲಿನಿಂದ ಒಂದು ಕೈ. ಎರಡು ದಿನದ ಚಿತ್ರಗಳಲ್ಲಿ ನಾನು ದೊಡ್ಡದು ಮಾಡಿಸಿ ಇಟ್ಟುಕೊಂಡಿರುವುದು ಅದೊಂದನ್ನೇ.

ನಿಮ್ಮಲ್ಲಿ ಒಂದು ಕೋರಿಕೆ

ಹಿಂತಿರುಗುವ ದಾರಿಯಲ್ಲಿ ನನ್ನ ಬಾಲ್ಯದ ರೈಲು ನೆನಪಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುತ್ತಿದ್ದ ಮೀಟರ್‌ಗೇಜ್ ಗಾಡಿ. 1979ರಲ್ಲಿ ಆರಂಭವಾದ ಆ ದಾರಿ ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿತು. ಅಗಲವಾದ ಹಳಿಯ ಮೇಲೆ ಪ್ರಯಾಣಿಕರ ರೈಲು ಮತ್ತೆ ಓಡಲು 2007ರ ಡಿಸೆಂಬರ್ ಬರಬೇಕಾಯಿತು. ಹುಡುಗನಾಗಿದ್ದಾಗ ಅಪ್ಪ, ಅಮ್ಮನ ಜೊತೆ ಆ ಹಳೆಯ ಗಾಡಿಯಲ್ಲಿ ಹೋದದ್ದು ನೆನಪಿದೆ. ಸುರಂಗ ಬಂದಾಗ ಕೂಗಿದ್ದು ನೆನಪಿದೆ. ನಮ್ಮ ಮನೆಯಲ್ಲಿ ಅದರ ಒಂದೂ ಚಿತ್ರವಿಲ್ಲ.

ನಿಮ್ಮ ಮನೆಯಲ್ಲಿ ಇರಬಹುದು. ನಿಮ್ಮ ತಂದೆಯೋ ಮಾವನೋ ಆ ದಾರಿಯಲ್ಲಿ ಗ್ಯಾಂಗ್‌ಮನ್ ಆಗಿದ್ದಿರಬಹುದು, ಸ್ಟೇಷನ್ ಮಾಸ್ಟರ್ ಆಗಿದ್ದಿರಬಹುದು, ಮಳೆಗಾಲದ ರಾತ್ರಿ ಲಾಟೀನು ಹಿಡಿದು ಹಳಿ ಕಾದವರಾಗಿರಬಹುದು. ಅವರು ಇದ್ದರೆ ಈ ವಾರವೇ ಪಕ್ಕದಲ್ಲಿ ಕುಳಿತು ಕೇಳಿ: ಏನೇನು ನೋಡುತ್ತಿದ್ದಿರಿ? ಚಿತ್ರವಿದ್ದರೆ ಹಿಂಬದಿಯಲ್ಲಿ ಪೆನ್ಸಿಲಿನಿಂದ, ಒತ್ತದೆ, ಹೆಸರು ಮತ್ತು ವರ್ಷ ಬರೆಯಿರಿ. ಎಂಜಿನಿನ ಸಂಖ್ಯೆ ಬರೆಯಬೇಕಿಲ್ಲ, ಅದನ್ನು ಬರೆದಿಡುವವರು ಬಹಳ ಜನ ಇದ್ದಾರೆ. ಅಂಚಿನಲ್ಲಿ ಅರ್ಧ ಭುಜ ಕಾಣುತ್ತಿರುವವರು ಯಾರು ಎಂಬುದನ್ನು ಬರೆದಿಡಿ.